ನಾಯಿಯ ವಂಶಾವಳಿ ಬರೆಯುವವರು

ನಮ್ಮ ಹಳ್ಳಿಗಳಿಗೆ ಹೆಳವರು ಎತ್ತಿನ ಮೇಲೆ ಬಂದು, ಮನೆತನದ ಹಿರಿಯರ ಹೆಸರುಗಳನ್ನು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಹೊತ್ತಿಗೆಗೆ ಸೇರಿಸಿಕೊಂಡು ಹೋಗುತ್ತಿದ್ದರು. ನಾಯಿಗಳಿಗೂ ಇಂಥದ್ದೊಂದು ಹೊತ್ತಿಗೆ ಬೇಕೆನಿಸಿದ್ದು ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ. ಓಟದ ಕುದುರೆಗಳ ವಂಶಾವಳಿ ಅಲ್ಲಿ 1791ರಷ್ಟು ಹಿಂದೆಯೇ ಅಚ್ಚಾಗಿತ್ತು. ನ್ಯೂಕಾಸಲ್‌ನಲ್ಲಿ 1859ರಲ್ಲಿ ನಡೆದ ಪ್ರದರ್ಶನದ ನಂತರ ನಾಯಿ ಪ್ರದರ್ಶನಗಳು ಊರೂರಿಗೆ ಹಬ್ಬಿದವು. 1873ರಲ್ಲಿ ಕೆನಲ್ ಕ್ಲಬ್ ಹುಟ್ಟಿತು. ಮರುವರ್ಷ ಬಂದ ಅದರ ಮೊದಲ ಸ್ಟಡ್ ಬುಕ್ಕಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನಾಯಿಗಳಿದ್ದವು.

1880ರಲ್ಲಿ ಕ್ಲಬ್ ಎಲ್ಲ ನಾಯಿಗಳಿಗೂ ನೋಂದಣಿ ತಂದಾಗ ಅದರ ಮುಖ್ಯ ಉದ್ದೇಶ ರಕ್ತಶುದ್ಧಿಯಾಗಿರಲಿಲ್ಲ. ಒಂದೇ ಹೆಸರಿನ ಹತ್ತಾರು ನಾಯಿಗಳು ಪುಸ್ತಕದಲ್ಲಿ ಗೊಂದಲ ಎಬ್ಬಿಸುತ್ತಿದ್ದವು, ಅದನ್ನು ತಪ್ಪಿಸಬೇಕಿತ್ತು, ಅಷ್ಟೇ. ವಂಶದ ಮಾತಿಗೆ ತೂಕ ಬಂದದ್ದು ಆಮೇಲೆ. ಇವತ್ತು ಮರಿ ಕೊಳ್ಳುವಾಗ ನಾವು 'ಪೇಪರ್ ಇದೆಯಾ?' ಎಂದು ಕೇಳಿ, ಇದೆ ಎಂದೊಡನೆ ನಿರಾಳರಾಗುತ್ತೇವಲ್ಲ, ಆಗ ಈ ಮೂಲವನ್ನು ನೆನೆಯುವುದು ಒಳ್ಳೆಯದು. ಹೆಳವ ಮನೆಬಾಗಿಲಿಗೇ ಬರುತ್ತಿದ್ದ. ಕ್ಲಬ್ ಬಹುಮಟ್ಟಿಗೆ ಬ್ರೀಡರ್ ಬರೆದು ಕಳಿಸಿದ್ದನ್ನೇ ನಂಬುತ್ತದೆ.

ಹಾಗಾಗಿ ದಾಖಲೆ ಇಡುವ ಸಂಸ್ಥೆ ಎಂಥದ್ದು ಎಂದು ತಿಳಿಯಲು ಅದರ ಮುದ್ರೆಗಿಂತ ಅದು ಏನನ್ನು ಪರೀಕ್ಷಿಸುತ್ತದೆ ಎಂಬುದನ್ನು ನೋಡಬೇಕು. ತಂದೆ ತಾಯಿ ಇಬ್ಬರ ನೋಂದಣಿ ಸಂಖ್ಯೆ ಕೇಳುತ್ತದೆಯೇ? ಒಂದು ಸೂಲಿನ ಮರಿಗಳನ್ನೆಲ್ಲ ಒಟ್ಟಿಗೆ ದಾಖಲಿಸುತ್ತದೆಯೇ? ಚೆನ್ನೈನಲ್ಲಿ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಮೈಕ್ರೋಚಿಪ್ ಕೇಳುತ್ತದೆ. ಪಶುವೈದ್ಯರ ಬಳಿ ಆ ಚಿಪ್ ಓದಿಸಿ, ಕಾಗದದ ಸಂಖ್ಯೆಯೊಂದಿಗೆ ತಾಳೆ ನೋಡುವುದು ಎರಡು ನಿಮಿಷದ ಕೆಲಸ. ದುಡ್ಡು ಕೊಟ್ಟರೆ ಏನನ್ನೂ ಕೇಳದೆ ಸರ್ಟಿಫಿಕೇಟ್ ಅಚ್ಚು ಹಾಕಿಕೊಡುವ ಸಂಸ್ಥೆಯ ಕಾಗದಕ್ಕೆ ಫ್ರೇಮಿನ ಬೆಲೆಯೂ ಇಲ್ಲ.

ಪ್ರಾಮಾಣಿಕ ಪುಸ್ತಕವೂ ನಾಯಿಯ ಆರೋಗ್ಯಕ್ಕೆ ಜಾಮೀನಲ್ಲ ಎನ್ನುವುದಕ್ಕೆ ಡಾಲ್ಮೇಷಿಯನ್ ತಳಿಯ ಕತೆ ಸಾಕು. ಶುದ್ಧ ಡಾಲ್ಮೇಷಿಯನ್‌ಗಳೆಲ್ಲವೂ ಒಂದು ಆನುವಂಶಿಕ ದೋಷ ಹೊತ್ತಿದ್ದವು. ಅದರಿಂದ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಅನೇಕ ನಾಯಿಗಳು ಕಲ್ಲಿನಿಂದ ನರಳುತ್ತಿದ್ದವು. ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯೊಂದಿಗೆ ಸಂಕರ ಮಾಡಿಸಿದರು. ಮುಂದಿನ ತಲೆಮಾರುಗಳನ್ನೆಲ್ಲ ಮತ್ತೆ ಡಾಲ್ಮೇಷಿಯನ್‌ಗಳೊಂದಿಗೇ ಕೂಡಿಸಿ ದೋಷವಿಲ್ಲದ ಮರಿಗಳನ್ನು ಪಡೆದರು. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಅಂಥ ಎರಡನ್ನು ನೋಂದಾಯಿಸಿತು. ತಳಿ ಕೆಡುತ್ತದೆಂದು ಡಾಲ್ಮೇಷಿಯನ್ ಸಾಕುವವರು ಗಲಾಟೆ ಎಬ್ಬಿಸಿದ್ದರಿಂದ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು 2011ರಲ್ಲಿ. ಪುಸ್ತಕದ ಮಡಿಗಾಗಿ ನಾಯಿಗಳು ಮೂವತ್ತು ವರ್ಷ ನೋವು ತಿಂದವು ಎಂದರೆ ನನಗೆ ಅತಿಶಯೋಕ್ತಿ ಅನಿಸುವುದಿಲ್ಲ.

ನಮ್ಮ ಮುಧೋಳದ ನಾಯಿಯದು ಇನ್ನೊಂದು ಬಗೆಯ ಪೇಚು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ಬೇಟೆನಾಯಿಯನ್ನು ಕೆನಲ್ ಕ್ಲಬ್ ಆಫ್ ಇಂಡಿಯಾ 'ಕ್ಯಾರವಾನ್ ಹೌಂಡ್' ಎಂದು ಬರೆದುಕೊಳ್ಳುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ 'ಮುಧೋಳ ಹೌಂಡ್' ಎಂದು. ಒಂದೇ ನಾಯಿ, ಎರಡು ಪುಸ್ತಕದಲ್ಲಿ ಎರಡು ಹೆಸರು. ಕರ್ನಾಲ್‌ನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ಕೂಡ ಇದನ್ನು ದೇಶಿ ತಳಿಯೆಂದು ದಾಖಲಿಸಿದೆ. ಆದರೆ ಆ ಮಾನ್ಯತೆ ಇಡೀ ತಳಿಗೆ ಸೇರಿದ್ದು, ಯಾವುದೋ ಮನೆಯಲ್ಲಿ ಹುಟ್ಟಿದ ಒಂದು ಮರಿಯದಲ್ಲ. 'ಸರ್ಕಾರವೇ ಒಪ್ಪಿದ ಜಾತಿ' ಎಂದು ಹೇಳಿ ಮರಿ ಮಾರುವವರನ್ನು ಕೇಳಬೇಕಾದದ್ದು ಅದರ ತಾಯಿಯ ನೋಂದಣಿ ಸಂಖ್ಯೆ. ಆಗುವುದಾದರೆ ಆ ತಾಯಿಯನ್ನೇ ಒಮ್ಮೆ ನೋಡಿಬರುವುದು.