ಎಕ್ಸ್ ಬದಲು ವೇಲ್ಯಾಂಡ್: ಲಿನಕ್ಸ್ ಪರದೆಗೆ ಹೊಸ ಅಡಿಪಾಯ

ಲಿನಕ್ಸ್ ಗಣಕದ ಪರದೆಯಲ್ಲಿ ಕಿಟಕಿಗಳನ್ನು ಮೂಡಿಸಿ, ಕೀಲಿಮಣೆ ಹಾಗೂ ಮೌಸ್‌ನ ಸಂಕೇತಗಳನ್ನು ಆಯಾ ತಂತ್ರಾಂಶಕ್ಕೆ ತಲುಪಿಸುವ ಹೊಣೆ ದಶಕಗಳ ಕಾಲ ‘ಎಕ್ಸ್ ವಿಂಡೋ ಸಿಸ್ಟಂ’ನದಾಗಿತ್ತು. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಜನಿಸಿದ ಈ ವ್ಯವಸ್ಥೆಯ ಹನ್ನೊಂದನೇ ಆವೃತ್ತಿ ಹೊರಬಂದದ್ದು 1987ರಲ್ಲಿ. ಮುಂದೆ ಬಳಕೆಯಲ್ಲಿ ಉಳಿದದ್ದು ಅದೇ.

ದೂರದ ಗಣಕದಲ್ಲಿ ನಡೆಯುವ ತಂತ್ರಾಂಶವನ್ನು ಜಾಲದ ಮೂಲಕ ನಮ್ಮ ಪರದೆಗೆ ತರುವುದು ಎಕ್ಸ್‌ನ ಹೆಗ್ಗಳಿಕೆ. ದೋಷವೂ ಸಣ್ಣದಲ್ಲ. ಒಂದು ಕಿಟಕಿಯಲ್ಲಿ ಬಳಕೆದಾರ ಬೆರಳಚ್ಚಿಸುವ ಗುಪ್ತಪದವನ್ನು ಅದೇ ಪರದೆಯಲ್ಲಿರುವ ಬೇರೊಂದು ತಂತ್ರಾಂಶ ಸದ್ದಿಲ್ಲದೆ ಓದಬಲ್ಲದು. ಪರಸ್ಪರ ನಂಬಿಕೆಯ ವಿದ್ಯಾಲಯಕ್ಕೆ ಒಪ್ಪುತ್ತಿದ್ದ ಏರ್ಪಾಡು ಅಂತರ್ಜಾಲ ಬ್ಯಾಂಕಿಂಗ್ ಕಾಲಕ್ಕೆ ಸಲ್ಲದು.

ಕ್ರಿಸ್ಟಿಯನ್ ಹೊಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ‘ವೇಲ್ಯಾಂಡ್’ ಈ ಬಾಗಿಲನ್ನು ಮುಚ್ಚಿತು. ಇಲ್ಲಿ ಒತ್ತಿದ ಕೀಲಿಯ ಸುದ್ದಿ ಬಳಕೆಯಲ್ಲಿರುವ ಕಿಟಕಿಗಷ್ಟೇ ತಲುಪುತ್ತದೆ. ಆದರೆ ಕಳ್ಳನಿಗೆಂದು ಹಾಕಿದ ಬೀಗ ಮನೆಯವರನ್ನೂ ಹೊರಗೆ ನಿಲ್ಲಿಸಿತು! ಪರದೆಯನ್ನು ಇತರರಿಗೆ ತೋರಿಸುವ ಸೌಲಭ್ಯ, ದೃಷ್ಟಿಹೀನರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶ, ಎಲ್ಲವೂ ಹಳೆಯ ಬಾಗಿಲನ್ನೇ ನಂಬಿದ್ದವು. ಅವಕ್ಕೆ ಬೇರೆ ದಾರಿ ನಿರ್ಮಿಸುವುದರಲ್ಲೇ ವರ್ಷಗಳು ಸಂದವು.

ಫೆಡೋರಾ 2016ರಲ್ಲಿಯೇ ವೇಲ್ಯಾಂಡ್‌ಗೆ ಬದಲಾಯಿತು. ಉಬುಂಟು 2017ರಲ್ಲಿ ಒಪ್ಪಿ, 2018ರಲ್ಲಿ ಹಿಂದೆ ಸರಿದು, 2021ರಲ್ಲಿ ಮತ್ತೆ ಅಪ್ಪಿಕೊಂಡಿತು. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಎಕ್ಸ್ ಸರ್ವರ್ ಇಲ್ಲ. ಹಳೆಯ ತಂತ್ರಾಂಶಗಳಿಗಾಗಿ ‘ಎಕ್ಸ್‌ವೇಲ್ಯಾಂಡ್’ ಎಂಬ ಸೇತುವೆಯನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.