ವಾರ್ಧಕ್ಯದ ಆಯವ್ಯಯವೂ ಆರೋಗ್ಯವಿಮೆಯೂ

ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯಭಾರವನ್ನು ಕುರಿತು ಹುಟ್ಟಿದ ಗ್ರಂಥವಾದರೂ ಗೃಹಸ್ಥನ ಮನೆಗೆ ಒದಗುವ ಲೆಕ್ಕದ ಕ್ರಮವೊಂದು ಅದರಲ್ಲಿ ಅಡಗಿದೆ. ಬಹುಕಾಲ ಹೆಸರುಮಾತ್ರದಿಂದ ಬಲ್ಲವರಿಗೆ ತಿಳಿದಿದ್ದ ಈ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿ ಲೋಕಕ್ಕೆ ಇತ್ತವರು ಆರ್. ಶಾಮಶಾಸ್ತ್ರಿಗಳು. ಅದರ ಎರಡನೆಯ ಅಧಿಕರಣದಲ್ಲಿ ವ್ಯಯದ ವಿಭಾಗವಿದೆ. ದಿನದಿನವೂ ನಡೆಯುವ ವೆಚ್ಚವು ನಿತ್ಯ. ಪಕ್ಷಕ್ಕೋ ಮಾಸಕ್ಕೋ ಸಂವತ್ಸರಕ್ಕೋ ಒಮ್ಮೆ ಬರುವುದು ಲಾಭ. ಈ ಎರಡರಿಂದ ಮೇಲೆ ಹುಟ್ಟಿಕೊಳ್ಳುವುವು ನಿತ್ಯೋತ್ಪಾದಿಕ ಮತ್ತು ಲಾಭೋತ್ಪಾದಿಕ. ಇಲ್ಲಿ ಲಾಭವೆಂಬ ಶಬ್ದಕ್ಕೆ ವರ್ತಕರು ಹೇಳುವ ಅರ್ಥವನ್ನು ಮಾಡಲಾಗದು. ಆಯದಲ್ಲಿ ವ್ಯಯವನ್ನು ಕಳೆದು ಶುದ್ಧವಾಗಿ ಉಳಿದುದಕ್ಕೆ ನೀವಿಯೆಂದು ಹೆಸರು. ಈಗ ಕೈಸೇರಿದ್ದು, ಹಿಂದಿನಿಂದ ಅನುವರ್ತಿಸಿ ಬಂದದ್ದು ಎಂದು ಅದೂ ಎರಡು ವಿಧ.

ವಾರ್ಧಕ್ಯದಲ್ಲಿ ಈ ವಿಭಾಗದ ಬೆಲೆ ಚೆನ್ನಾಗಿ ತಿಳಿಯುತ್ತದೆ. ಸಂಬಳ ನಿಂತು ನಿವೃತ್ತಿವೇತನವೊಂದೇ ಆಯವಾಗುವಾಗ ನಿತ್ಯವ್ಯಯವನ್ನು ಹಿಡಿತದಲ್ಲಿಡುವುದು ಕಷ್ಟವಲ್ಲ. ಊಟವು ಮಿತವಾಗುವುದು, ಮಕ್ಕಳ ಓದು ಮುಗಿದಿರುವುದು. ಆದರೆ ಎಣಿಸದೆ ಬಂದೆರಗುವ ವ್ಯಯ, ಅದರಲ್ಲಿಯೂ ರೋಗದ ವ್ಯಯ, ಆ ವಯಸ್ಸಿನಲ್ಲಿಯೇ ಹೆಚ್ಚುವುದು. ಒಂದು ಶಸ್ತ್ರಚಿಕಿತ್ಸೆಯಿಂದ ಜೀವಮಾನದ ನೀವಿಯು ಕರಗಿಹೋದ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದುದರಿಂದ ಅರವತ್ತು ಕಳೆದವರು ಆರೋಗ್ಯವಿಮೆಯನ್ನು ಕೊಳ್ಳಬೇಕೆ, ಬೇಡವೆ ಎಂಬ ಪ್ರಶ್ನೆಯು ಅಲ್ಪವಾದುದಲ್ಲ. ಇದಕ್ಕೆ ಉತ್ತರವನ್ನು ಹುಡುಕುವ ಮುನ್ನ ಈ ಪದ್ಧತಿಯು ನಡೆದುಬಂದ ದಾರಿಯನ್ನು ನೋಡುವುದು ಉಚಿತ.

ರೋಗಿಯ ಭಾರವನ್ನು ಹತ್ತು ಜನ ಹೊರಬೇಕೆಂಬ ಧರ್ಮವು ನಮ್ಮ ನಾಡಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವು ವಿದ್ಯೆಗೂ ಅನ್ನದಾನಕ್ಕೂ ನೆಲೆಯಾಗಿದ್ದಂತೆ ನಾನಾವಿಧ ರೋಗಿಗಳಿಗೆ ಔಷಧೋಪಚಾರದ ಸ್ಥಾನವೂ ಆಗಿತ್ತೆಂದು 1162ರ ಶಾಸನವು ಹೇಳುತ್ತದೆ. ಮಠಕ್ಕೆ ಬಿಟ್ಟ ಭೂಮಿಯ ಹುಟ್ಟುವಳಿಯೇ ಅಂದಿನ ಆಧಾರ. ಮಠವಿಲ್ಲದ ಊರಿನಲ್ಲಿ ಅವಿಭಕ್ತ ಕುಟುಂಬವೇ ಆ ಭಾರವನ್ನು ಹೊತ್ತಿತು. ದಾನವಾಗಲಿ ಕುಟುಂಬವಾಗಲಿ ರೋಗಿಯ ವಯಸ್ಸನ್ನು ಕೇಳಿ ಬೆಲೆ ಕಟ್ಟುತ್ತಿರಲಿಲ್ಲ. ಆದರೆ ದಾತನ ಶಕ್ತಿಗೆ ಮೀರಿದ್ದನ್ನು ಕೊಡುವುದೂ ಸಾಧ್ಯವಿರಲಿಲ್ಲ.

ದಾನದ ಸ್ಥಾನದಲ್ಲಿ ಹಕ್ಕನ್ನು ತಂದದ್ದು ವಿಮೆ. ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ, 1883ರಲ್ಲಿ, ಕಾರ್ಮಿಕರ ರೋಗವಿಮೆಯ ಶಾಸನವಾಯಿತು. ಕಂತಿನ ಮೂರರಲ್ಲಿ ಎರಡು ಪಾಲು ಕೆಲಸಗಾರನದು, ಒಂದು ಪಾಲು ಯಜಮಾನನದು. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಸರ್ಕಾರಿ ನೌಕರರಿಗೆ ವಿಮೆಯ ಏರ್ಪಾಡಾಯಿತು. ಆದರೆ ಅದು ಜೀವವಿಮೆ. ಜೀವವಿಮೆಯ ಮುಖ್ಯಪ್ರಯೋಜನವು ಕುಟುಂಬಕ್ಕೆ. ಆರೋಗ್ಯವಿಮೆಯ ಪ್ರಯೋಜನವು ಬದುಕಿರುವವನ ಚಿಕಿತ್ಸೆಗೆ. ಸ್ವಾತಂತ್ರ್ಯಾನಂತರ 1948ರ ಶಾಸನದಿಂದ ಕಾರ್ಖಾನೆಯ ಕೆಲಸಗಾರರಿಗೂ, 1954ರ ಯೋಜನೆಯಿಂದ ಕೇಂದ್ರಸರ್ಕಾರದ ನೌಕರರಿಗೂ ವೈದ್ಯಕೀಯ ರಕ್ಷಣೆ ದೊರೆಯಿತು. ಇವೆರಡರ ಹೊರಗೆ ಉಳಿದ ಗೃಹಸ್ಥರಿಗೆ ಬಾಗಿಲು ತೆರೆದದ್ದು 1986ರಲ್ಲಿ, ಸರ್ಕಾರದ ಸಾಮಾನ್ಯವಿಮಾ ಕಂಪನಿಗಳು ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ತಂದಾಗ. 1999ರ ಶಾಸನದ ತರುವಾಯ ಖಾಸಗಿ ಕಂಪನಿಗಳೂ ಈ ಕ್ಷೇತ್ರವನ್ನು ಪ್ರವೇಶಿಸಿದುವು.

ವಿಮೆಯು ವ್ಯವಹಾರವಾದ ಮೇಲೆ ವಯಸ್ಸಿಗೆ ತಕ್ಕ ಬೆಲೆ ಬಂದಿತು. ಯಾರಿಗೆ ಅವಶ್ಯವೋ ಅವರಿಗೇ ತುಟ್ಟಿಯಾಯಿತು. ಈ ವೈಷಮ್ಯವನ್ನು ತಗ್ಗಿಸಲು ಈಚೆಗೆ ಕೆಲವು ನಿಯಮಗಳಾಗಿವೆ. 2024ರ ಏಪ್ರಿಲಿನಿಂದ, ಅರವತ್ತೈದು ದಾಟಿದವರಿಗೆ ಹೊಸ ಪಾಲಿಸಿ ಇಲ್ಲವೆನ್ನಲು ಆಧಾರವಾಗಿದ್ದ ವಯೋಮಿತಿಯು ತೆಗೆಯಲ್ಪಟ್ಟಿತು. ಮೊದಲೇ ಇರುವ ರೋಗಗಳಿಗೆ ಕಾಯಬೇಕಾದ ಪರಮಾವಧಿಯು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. 2025ರ ಜನವರಿಯಲ್ಲಿ, ಹಿರಿಯರ ಕಂತನ್ನು ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಿಸುವ ಮೊದಲು ಕಂಪನಿಯು ವಿಮಾ ಪ್ರಾಧಿಕಾರದೊಡನೆ ಸಮಾಲೋಚಿಸತಕ್ಕದ್ದೆಂದು ವಿಧಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿದ್ದ ನೂರಕ್ಕೆ ಹದಿನೆಂಟರ ತೆರಿಗೆಯು ರದ್ದಾಯಿತು.

ಇನ್ನು ಪ್ರಕೃತಕ್ಕೆ ಬರೋಣ. ಕೌಟಿಲ್ಯನ ಪರಿಭಾಷೆಯಲ್ಲಿ ಹೇಳುವುದಾದರೆ, ಆರೋಗ್ಯವಿಮೆಯೆಂಬುದು ಎಣಿಸದೆ ಬರುವ ವ್ಯಯವನ್ನು ಎಣಿಸಬಹುದಾದ ಸಾಂವತ್ಸರಿಕ ವ್ಯಯವನ್ನಾಗಿ ಮಾರ್ಪಡಿಸುವ ಉಪಾಯ. ಅದರ ಗುಣವೂ ಮಿತಿಯೂ ಈ ಒಂದು ಮಾತಿನಲ್ಲಿವೆ. ಪೂರ್ತಿಯಾಗಿ ಅದು ಮಾರ್ಪಡಿಸಲಾರದು. ಕಾಯುವ ವರ್ಷಗಳಲ್ಲಿ ಹಳೆಯ ರೋಗದ ಖರ್ಚು ನಮ್ಮದೇ. ಕೆಲವು ಪಾಲಿಸಿಗಳಲ್ಲಿ ಆಸ್ಪತ್ರೆಯ ಬಿಲ್ಲಿನ ಒಂದು ಪಾಲನ್ನು ನಾವೇ ತೆರಬೇಕು. ಕೆಲವುದರಲ್ಲಿ ಕೋಣೆಯ ಬಾಡಿಗೆಗೆ ಮಿತಿಯುಂಟು. ನಿತ್ಯದ ಗುಳಿಗೆಗಳ ಖರ್ಚು ಸಾಮಾನ್ಯವಾಗಿ ಇದರೊಳಗೆ ಬಾರದು. ಆದುದರಿಂದ ವಿಮೆಯು ನೀವಿಗೆ ಕಾವಲೇ ಹೊರತು ನೀವಿಗೆ ಬದಲಲ್ಲ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ವೃದ್ಧದಂಪತಿಗಳಿಗೆ ತಿಂಗಳಿಗೆ 30,000 ರೂಪಾಯಿಯಂತೆ ವರ್ಷಕ್ಕೆ 3,60,000 ಆಯ. ತಿಂಗಳಿಗೆ 18,000ದಂತೆ ನಿತ್ಯವ್ಯಯ 2,16,000. ಕಂದಾಯ, ಹಬ್ಬ, ಪ್ರಯಾಣ, ಮನೆಯ ದುರಸ್ತಿ ಮುಂತಾದ ಸಾಂವತ್ಸರಿಕ ವ್ಯಯ 60,000. ಉಳಿದುದು 84,000. ಇಬ್ಬರ ವಿಮೆಯ ಕಂತು 48,000 ಎಂದಿಟ್ಟುಕೊಂಡರೆ ವರ್ಷದ ನೀವಿ 36,000. ಇಂದು ಇದು ಸುಲಭವೆಂದು ತೋರುವುದು. ಆದರೆ ಕಂತು ಪ್ರತಿವರ್ಷವೂ ನೂರಕ್ಕೆ ಹತ್ತರಂತೆ ಐದು ಬಾರಿ ಏರಿದರೆ ಸುಮಾರು 77,300 ಆಗುವುದು. ಮಿಕ್ಕ ಅಂಕಗಳು ಹಾಗೆಯೇ ನಿಂತರೆ ನೀವಿ 6,700ಕ್ಕೆ ಇಳಿಯುವುದು. ಆಗ ಕಂತನ್ನು ಕಟ್ಟಲಾರದೆ ಪಾಲಿಸಿಯನ್ನು ಬಿಟ್ಟರೆ, ಕಾದು ಗಳಿಸಿದ ಹಕ್ಕೂ ಹೋಗುವುದು, ರಕ್ಷಣೆ ತಪ್ಪುವ ವಯಸ್ಸೂ ಅದೇ ಆಗುವುದು. ಆದುದರಿಂದ ಇಂದಿನ ಕಂತನ್ನಲ್ಲ, ಐದು ವರ್ಷಗಳ ಮುಂದಿನ ಕಂತನ್ನು ಇಟ್ಟು ಲೆಕ್ಕ ಹಾಕತಕ್ಕದ್ದು.

ಹೀಗೆ ತೂಗಿ ನೋಡಿದಾಗ ಕಂತು ಭಾರವೆಂದು ಕಂಡರೆ ನಿರಾಶರಾಗಬೇಕಾದುದಿಲ್ಲ. ಬಿಲ್ಲಿನ ಮೊದಲ ಒಂದು ಮೊತ್ತವನ್ನು ತಾವೇ ಹೊರುವ ಷರತ್ತಿನ ಪಾಲಿಸಿಗೆ ಕಂತು ಕಡಮೆ. ನೀವಿಯಲ್ಲಿ ಅಷ್ಟು ಹಣವುಳ್ಳವರಿಗೆ ಅದು ಯುಕ್ತ. ಎಪ್ಪತ್ತು ತುಂಬಿದವರಿಗೆ, ಆದಾಯವನ್ನು ನೋಡದೆ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿನವರೆಗೆ ಚಿಕಿತ್ಸೆಯನ್ನು ಕೊಡುವ ಕೇಂದ್ರದ ಯೋಜನೆಯು 2024ರ ಅಕ್ಟೋಬರಿನಲ್ಲಿ ಬಂದಿದೆ; ತಾವಿರುವ ರಾಜ್ಯದಲ್ಲಿ ಅದು ಹೇಗೆ ನಡೆಯುತ್ತಿದೆಯೆಂಬುದನ್ನು ವಿಚಾರಿಸಿಕೊಂಡು ಖಾಸಗಿ ಪಾಲಿಸಿಯ ಮಾತನ್ನು ತೆಗೆಯುವುದು ಮೇಲು. ಕೊಳ್ಳುವುದೇ ನಿಶ್ಚಯವಾದರೆ ಇರುವ ರೋಗವನ್ನು ಮರೆಮಾಚದೆ ಬರೆಯಿಸತಕ್ಕದ್ದು. ಮರೆಮಾಚಿದ್ದು ಚಿಕಿತ್ಸೆಯ ಹೊತ್ತಿನಲ್ಲಿಯೇ ಹೊರಬೀಳುವುದು. ಪತ್ರವು ಕೈಸೇರಿದ ಮೇಲೆ ಮೂವತ್ತು ದಿನಗಳೊಳಗೆ ಓದಿ, ಒಪ್ಪದಿದ್ದರೆ ಹಿಂದಿರುಗಿಸುವ ಅವಕಾಶವೂ ಉಂಟು.

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ. ಯೌವನದ ಲೆಕ್ಕವು ಯೋಗಕ್ಕೆ, ವಾರ್ಧಕ್ಯದ ಲೆಕ್ಕವು ಕ್ಷೇಮಕ್ಕೆ. ಮನೆಯ ಹಿರಿಯರು ಒಂದು ಹಾಳೆಯಲ್ಲಿ ಆಯ, ನಿತ್ಯ, ಸಾಂವತ್ಸರಿಕ, ನೀವಿ ಎಂದು ನಾಲ್ಕು ಸಾಲುಗಳನ್ನು ಬರೆದು, ಗೃಹಿಣಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಓದಿಹೇಳಲಿ. ಆಸ್ಪತ್ರೆಯ ಬಾಗಿಲಲ್ಲಿ ಕಾಗದಪತ್ರಗಳನ್ನು ಹಿಡಿದು ನಿಲ್ಲಬೇಕಾದವರು ಅವರೇ ಅಲ್ಲವೆ? ಇತ್ಯಲಂ.