ಬೆಳೆಯುವ ಮಕ್ಕಳ ಆಹಾರ: ರಾತ್ರಿಭೋಜನ ತ್ಯಾಗದ ಮನೆಗಳಲ್ಲಿ

ಜೈನ ಮನೆಯ ಮಕ್ಕಳ ಪೌಷ್ಟಿಕತೆಯ ಮಾತು ಬಂದಾಗ ಆಲೂಗಡ್ಡೆ, ಕ್ಯಾರೆಟ್ ಇಲ್ಲದೆ ಹೇಗೆ ಎಂಬ ಚಿಂತೆಯೇ ಮೊದಲು ಕೇಳಿಬರುತ್ತದೆ. ಕಂದಮೂಲ ಬಿಟ್ಟದ್ದರಿಂದ ಆಗುವ ನಷ್ಟ ದೊಡ್ಡದಲ್ಲ. ಕ್ಯಾರೆಟ್‌ನ ಕೆಲಸವನ್ನು ನುಗ್ಗೆಸೊಪ್ಪು, ಸಿಹಿಗುಂಬಳ, ಪಪ್ಪಾಯಿ ಮಾಡುತ್ತವೆ. ಆಲೂಗಡ್ಡೆಯ ಬದಲಿಗೆ ಬಾಳೆಕಾಯಿ ಇದೆ. ಹೆಚ್ಚಿನ ಗಮನ ಬೇಕಾದುದು ಊಟದ ಹೊತ್ತಿನ ಕಡೆಗೆ.

ಚಳಿಗಾಲದಲ್ಲಿ ಕರ್ನಾಟಕದಲ್ಲಿ ಸೂರ್ಯಾಸ್ತ ಸುಮಾರು 6 ಗಂಟೆಗೆ. ಅಷ್ಟರೊಳಗೆ ಉಂಡ ಮಗು ಮರುದಿನ 7.30ಕ್ಕೆ ತಿಂಡಿ ತಿಂದರೆ ನಡುವಿನ ಅಂತರ ಹದಿಮೂರೂವರೆ ಗಂಟೆ. ಶಾಲೆಯಿಂದ ಬಂದೊಡನೆ ಬಿಸ್ಕತ್ತು, ಚಿಪ್ಸ್ ತಿಂದ ಮಗು ಸಂಜೆಯ ಊಟವನ್ನು ಅರ್ಧಕ್ಕೇ ಬಿಡುತ್ತದೆ. ಹಸಿವಿರುವಾಗಲೇ ಅನ್ನ, ಬೇಳೆ, ಪಲ್ಯ ಬಡಿಸಿ, ಸೂರ್ಯಾಸ್ತಕ್ಕೆ ಮುಂಚೆ ಹಾಲು ಕೊಡುವುದು ಲೇಸು. ಬೆಳಗ್ಗೆ ಬರೀ ಅವಲಕ್ಕಿ ಸಾಲದು. ಹೆಸರುಬೇಳೆ ದೋಸೆ, ಪನೀರ್ ತುಂಬಿದ ಚಪಾತಿ, ರಾಗಿ ಗಂಜಿಯ ಜೊತೆ ಹಾಲು, ಇಂಥವು ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 23 ಗ್ರಾಂ ಪ್ರೋಟೀನ್ ಬೇಕು. 30 ಗ್ರಾಂ ಬೇಳೆಯಲ್ಲಿ ಸುಮಾರು 7 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ ಇರುತ್ತದೆ. ಉಳಿದದ್ದು ಧಾನ್ಯದಿಂದ ಬರುತ್ತದೆ. ದ್ವಿದಳ ದೋಷವೆಂದು ಮೊಸರನ್ನು ಬೇಳೆಯೊಂದಿಗೆ ಬೆರೆಸದವರೂ ಇದರಿಂದ ಕಂಗೆಡಬೇಕಿಲ್ಲ. ಎರಡೂ ಒಂದೇ ತಟ್ಟೆಯಲ್ಲಿರಬೇಕೆಂದೇನಿಲ್ಲ, ಆ ದಿನದಲ್ಲಿ ಬೇರೆಬೇರೆ ಹೊತ್ತಿಗೆ ಸಿಕ್ಕರೆ ಸಾಕು.

ಕಬ್ಬಿಣಾಂಶ ಹೊಂದಿಸುವುದು ಇಷ್ಟು ಸುಲಭವಲ್ಲ. 10ರಿಂದ 12 ವರ್ಷದ ಹೆಣ್ಣುಮಕ್ಕಳಿಗೆ ದಿನಕ್ಕೆ 28 ಮಿ.ಗ್ರಾಂ ಬೇಕು, ಅದೇ ವಯಸ್ಸಿನ ಗಂಡುಮಕ್ಕಳಿಗೆ 16. ಕಾಳು, ಸೊಪ್ಪು, ಎಳ್ಳಿನಲ್ಲಿರುವ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಅದೇ ಊಟಕ್ಕೆ ನಿಂಬೆರಸ ಹಿಂಡಿದರೆ ಅಥವಾ ನೆಲ್ಲಿಕಾಯಿ ಸೇರಿಸಿದರೆ ಹೆಚ್ಚು ಹತ್ತುತ್ತದೆ. ಊಟದ ಜೊತೆ ಚಹಾ ಬೇಡವೇ ಬೇಡ. ಅಷ್ಟಮಿ, ಚತುರ್ದಶಿಯಂದು ಹಸಿರು ಬಿಡುವ ಮನೆಗಳಲ್ಲಿ ಕಾಳುಗಳೇ ಆಧಾರ.

ಬಿ12 ಜೀವಸತ್ವ ಸೊಪ್ಪು, ಕಾಳುಗಳಲ್ಲಿ ಇಲ್ಲ. ಮೊಟ್ಟೆ ತಿನ್ನದ ಮಗುವಿಗೆ ಹಾಲು, ಮೊಸರು, ಪನೀರ್‌ಗಳೇ ಅದರ ಮುಖ್ಯ ಮೂಲ. ಹಾಲು ಒಲ್ಲದ ಮಗು ಸದಾ ಸುಸ್ತಾಗಿದ್ದರೆ, ಬಿಳಿಚಿಕೊಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಬೇಕು. ಔಷಧಿಯ ಬಿ12 ತಯಾರಾಗುವುದು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ, ಮಾಂಸದಿಂದಲ್ಲ. ಆದರೆ ಕ್ಯಾಪ್ಸೂಲಿನ ಹೊರಕವಚ ಹಲವು ಬಾರಿ ಪ್ರಾಣಿಜನ್ಯ ಜೆಲಟಿನ್‌ನದ್ದಾಗಿರುತ್ತದೆ. ಅದರ ಬದಲಿಗೆ ಸಿರಪ್ ಅಥವಾ ಮಾತ್ರೆ ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು.